ಓರೆಗೆರೆ

ಪೋಸ್ಟರಿನ ಮೂಲೆಯಲ್ಲಿ
ಯು ಎಂಬ ಅಕ್ಷರ, ಎ ಎಂಬ ಅಕ್ಷರ,
ನಡುವೆ ಒಂದು ಓರೆಗೆರೆ.
ಆ ಗೆರೆಯ ಮೇಲೆ ಜಾರದೆ ಕೂರಬೇಕಾದವರು
ನಾವು, ತಂದೆತಾಯಿ.

ಕೋಡಿಬಾಗದ ನಮ್ಮ ಓಣಿಯಲ್ಲಿ
ಮಕ್ಕಳೆಲ್ಲ ನೋಡಿಯಾಯಿತಂತೆ.
ಶುಭಂ ಎರಡು ಹೊತ್ತು ಊಟ ಬಿಟ್ಟ.
ಮೂರನೆಯ ಹೊತ್ತಿಗೆ ಬಂಗಡೆ ಹುರಿದೆ,
ಬಿಟ್ಟದ್ದನ್ನು ಮರೆತ.
ಮೃಣಾಲ ಕೇಳಲೇ ಇಲ್ಲ.
ಅವಳು ಕೇಳದ್ದೇ ನನಗೆ ಹೆಚ್ಚು ಕೇಳಿಸುತ್ತದೆ.

"ಮೊದಲು ನಾವು ನೋಡಿ ಬರುವಾ" ಎಂದ ರೋಹಿದಾಸ
ಐಸಿನ ಟೆಂಪೋ ತೊಳೆಯುತ್ತ,
ಪಾಯಸಕ್ಕೆ ಬೆಲ್ಲ ಸಾಕೇ ಎಂದು
ಅಂಗೈಗೆ ಹನಿಸಿ ನೆಕ್ಕುವವರ ಹಾಗೆ.
ಮಕ್ಕಳನ್ನು ಅತ್ತೆಯ ಬಳಿ ಬಿಟ್ಟು
ಹನ್ನೆರಡು ವರ್ಷದ ಮೇಲೆ ಇಬ್ಬರೇ
ಸಂಜೆಯ ಆಟಕ್ಕೆ ಹೊರಟೆವು.
ನಾನು ಅಬ್ಬಲಿಗೆ ಮುಡಿದೆ.
ತನಿಖೆಗೆ ಹೊರಟವಳಿಗೆ ಹೂವೇಕೆಂದು
ಅವನು ಕೇಳಲಿಲ್ಲ.

ಕತ್ತಲಲ್ಲಿ ಬೆರಳೆಣಿಸಿದೆ.
ಮಧ್ಯಂತರದ ತನಕ ಹೆಣ ಇಪ್ಪತ್ಮೂರು.
ಇಪ್ಪತ್ನಾಲ್ಕನೆಯದು ಎದ್ದು ಕೂತಿತು,
ಮಡಿಸಿದ ಬೆರಳು ಬಿಚ್ಚಿದೆ.
ರಕ್ತ? ಬೈತಖೋಲದ ಬಂದರದಲ್ಲಿ
ಇಸ್ವಣದ ಕುತ್ತಿಗೆಗೆ ಕತ್ತಿ ಬೀಳುವಾಗ
ಬಾಲ ಹಿಡಿದು ನಿಂತವರು ನನ್ನ ಮಕ್ಕಳು.
ಬಾಟಲಿ? ಮಾಜಾಳಿಯ ನಾಕೆಯಲ್ಲಿ
ಪೊಲೀಸರು ಗಾಡಿಯೊಳಗೆ ತಲೆ ಹಾಕಿದರೆ
ಯಾರು ಯಾಕೆ ಬೆವರುತ್ತಾರೆಂದು ಬಲ್ಲವರು.
ಮುತ್ತು? ತುಟಿ ಹತ್ತಿರ ಬಂದದ್ದೇ
ಕ್ಯಾಮೆರಾ ಆಕಾಶ ನೋಡಿತು.
ರೋಹಿದಾಸನೂ ನೋಡಿದ. ಮೇಲೆ ಫ್ಯಾನು ತಿರುಗುತ್ತಿತ್ತು.

ಆಮೇಲೆ ಅದು ಬಂತು.
ದೊಡ್ಡದೇನಲ್ಲ, ಅರ್ಧ ನಿಮಿಷ.
ಅವಳು ಏನೋ ಎದುರಾಡಿದಳು,
ಅವನು ಕೆನ್ನೆಗೆ ಬಾರಿಸಿದ,
ಅವಳು ಕೆನ್ನೆ ಹಿಡಿದುಕೊಂಡೇ
ಹಾಡಿಗೆ ತಯಾರಾದಳು.
ಟಾಕೀಸಿನ ತುಂಬ ಸಿಳ್ಳೆ.
ನನ್ನ ಬಲಮಗ್ಗುಲಿನಿಂದಲೂ ಒಂದು.
ಆ ಸಿಳ್ಳೆ ನನಗೆ ಗೊತ್ತು:
ಸಂಜೆ ಟೆಂಪೋ ತಿರುವಿಗೆ ಬಂದಾಗ
ಮಕ್ಕಳು ಬಾಗಿಲಿಗೆ ಓಡುವ ಸಿಳ್ಳೆ.

ಅವನು ನನ್ನ ಮೇಲೆ ಎಂದೂ ಕೈಯೆತ್ತಿದವನಲ್ಲ.
ಇದನ್ನೂ ಹೇಳಬೇಕು.
ಹೇಳಿದ ಮೇಲೂ
ಯಾವ ಬೆರಳು ಮಡಿಸಲಿ, ತಿಳಿಯಲಿಲ್ಲ.

ದಂಡೆಗೇರಿಸಿಟ್ಟ ಯುದ್ಧನೌಕೆಯ ಹತ್ತಿರ
ಬೈಕು ನಿಲ್ಲಿಸಿ ಭಜಿ ತಿಂದೆವು.
"ಹೊಡೆದಾಟ ಜಾಸ್ತಿ, ಮಕ್ಕಳಿಗೆ ಬೇಡ" ಎಂದ.
"ಬೇಡ" ಎಂದೆ ನಾನೂ.
ಅವನ ಬೇಡ ಬೇರೆ, ನನ್ನ ಬೇಡ ಬೇರೆ.
ಒಂದೇ ಕಾಗದಕ್ಕೆ ಎಣ್ಣೆ ಇಳಿಯುತ್ತಿತ್ತು.
ಕಡಲು ತನ್ನ ಪಾಡಿಗೆ ತಾನು.

ಮನೆಗೆ ಬಂದರೆ
ಬಚ್ಚಲಿನಲ್ಲಿ ಶುಭಂ, ಚೊಂಬೇ ಪಿಸ್ತೂಲು,
ನಾಯಕನ ಮಾತು ಒಂದಕ್ಷರ ತಪ್ಪದೆ.
ಮೃಣಾಲ ಪಾಟಿಚೀಲ ತುಂಬುತ್ತ
ತಲೆಯೆತ್ತದೆ ಕೇಳಿದಳು:
"ಹೊಡೆಯೂದು ಹಾಡಿನ ಮೊದಲಾ, ನಂತರಾ, ಆಯಿ?
ಶಾಲೆಯ ರಿಕ್ಷಾದಲ್ಲಿ ಹುಡುಗರು
ದಿನಾ ಆ ಸೀನು ಆಡ್ತಾರೆ.
ಕೆನ್ನೆ ಹಿಡಿದುಕೊಳ್ಳುವ ಪಾರ್ಟು ನಂದು."

ಅನ್ನ ಬಡಿಸುವ ಸೌಟು
ಎಷ್ಟು ಹೊತ್ತು ಪಾತ್ರೆಯಲ್ಲೇ ಇತ್ತೋ.

ಭಾನುವಾರ ನಾಲ್ಕು ಟಿಕೆಟ್ಟು ತೆಗೆಸಿದೆ.
"ಬೇಡ ಅಂದಿದ್ದೆಯಲ್ಲ" ಎಂದ ರೋಹಿದಾಸ.
ಅಂದಿದ್ದೆ ಎಂದೆ.
ಮುಂದಿನ ಮಾತು ನನಗೇ ಬರಲಿಲ್ಲ.

ಆ ಅರ್ಧ ನಿಮಿಷ ಹತ್ತಿರಾದಂತೆ
ಮಗಳ ಕಡೆ ತಿರುಗಿದೆ.
ಅವಳು ಪರದೆ ನೋಡುತ್ತಿರಲಿಲ್ಲ.
ಹಾರಾಡುವ ನೀಲಿ ಬೆಳಕಿನಲ್ಲಿ
ನನ್ನನ್ನೊಮ್ಮೆ, ಬಾಬಾನನ್ನೊಮ್ಮೆ ನೋಡುತ್ತ
ಕೂತಿದ್ದಳು, ಮಡಿಲಲ್ಲಿ
ಬೆರಳು ಬಿಡಿಸಿಟ್ಟುಕೊಂಡು.

ಹಿಂದಿನ ಸಾಲುಗಳಿಂದ ಸಿಳ್ಳೆ ಎದ್ದಿತು.
ರೋಹಿದಾಸನ ಎರಡು ಬೆರಳು
ತುಟಿಯ ತನಕ ಬಂದು, ನಿಂತು,
ಉಪ್ಪು ನೆಕ್ಕಿಸಿಕೊಂಡು
ಪಾಪ್‌ಕಾರ್ನಿನ ಪೊಟ್ಟಣಕ್ಕೆ ಮರಳಿದವು.